ಪೆನ್‌ಡ್ರೈವಿನ ವ್ಯಾಜ್ಯ, ಸೆರಗಿನ ಹಕ್ಕು

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಲ್ಲಿ ಹಾಸಿನ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಉಳಿಯಬೇಕು ಎಂಬುದನ್ನು ಒಂದೊಂದು ಹೊಕ್ಕಿಗೂ ನಿರ್ಧರಿಸಿ ಸೆರಗು, ಅಂಚು, ಬುಟ್ಟಾಗಳನ್ನು ಮೂಡಿಸುವ ಸಾಧನವೇ ಜಕಾರ್ಡ್. ಈ ಸೂಚನೆಗಳು ಬಹುಕಾಲ ರಟ್ಟಿನ ಕಾರ್ಡುಗಳ ತೂತುಗಳಲ್ಲಿದ್ದವು. ಎಲೆಕ್ಟ್ರಾನಿಕ್ ಜಕಾರ್ಡ್ ಬಂದ ಕಡೆ ಅವು ಪೆನ್‌ಡ್ರೈವಿಗೆ ಇಳಿದಿವೆ. ನೇಕಾರರ ಕೇರಿಯಲ್ಲಿ ಬೆಳೆದ ಈ ಪ್ರಬಂಧಕಾರನಿಗೆ ಹಳೆಯ ಕಾರ್ಡನ್ನು ಕಣ್ಣಿಗೆ ಹಿಡಿದು ತೂತುಗಳಿಂದ ಬೀದಿಯನ್ನು ನೋಡುವುದು ಬಾಲ್ಯದ ಆಟವಾಗಿತ್ತು. ಪೆನ್‌ಡ್ರೈವಿನಲ್ಲಿ ಅಂಥ ಸುಖವಿಲ್ಲ, ಆದರೆ ಅದರ ಹಿಂದಿರುವ ವ್ಯಾಜ್ಯಗಳ ಕಥೆಗೆ ಕೊರತೆಯಿಲ್ಲ.

ಪೆನ್‌ಡ್ರೈವಿನೊಳಗಿನ ಫ್ಲ್ಯಾಷ್ ಮೆಮೊರಿಯು ವಿದ್ಯುದಾವೇಶವನ್ನು ಅವಾಹಕ ಪದರಗಳ ನಡುವೆ ಕೂಡಿಹಾಕುವುದರಿಂದ, ವಿದ್ಯುತ್ ಹೋದರೂ ಬರೆದದ್ದು ಅಳಿಯುವುದಿಲ್ಲ. ಇದನ್ನು 1980ರ ದಶಕದಲ್ಲಿ ತೋಶಿಬಾ ಸಂಸ್ಥೆಯಲ್ಲಿದ್ದಾಗ ರೂಪಿಸಿದ ಫುಜಿಯೊ ಮಸುವೊಕ, ತಮಗೆ ತಕ್ಕ ಪ್ರತಿಫಲ ಸಿಗಲಿಲ್ಲವೆಂದು 2004ರಲ್ಲಿ ಅದೇ ಸಂಸ್ಥೆಯ ಮೇಲೆ ದಾವೆ ಹೂಡಿದರು. ಅವರು ಕೇಳಿದ್ದು 100 ಕೋಟಿ ಯೆನ್, 2006ರ ರಾಜಿಯಲ್ಲಿ ದೊರೆತದ್ದು 8.7 ಕೋಟಿ. ಹೊಸ ಉಪಜ್ಞೆಯನ್ನು ಬಹಿರಂಗಪಡಿಸಿದವರಿಗೆ, ಅದನ್ನು ಇತರರು ಬಳಸದಂತೆ ನಿಗದಿತ ಕಾಲ ತಡೆಯಲು ಸಿಗುವ ಹಕ್ಕೇ ಪೇಟೆಂಟ್. ಪೆನ್‌ಡ್ರೈವಿನ ವಿಷಯದಲ್ಲಿ ಇಸ್ರೇಲಿನ ಎಂ-ಸಿಸ್ಟಮ್ಸ್, ಸಿಂಗಪುರದ ಟ್ರೆಕ್, ಚೀನಾದ ನೆಟಾಕ್ ಮೂರೂ ಈ ಹಕ್ಕನ್ನು ಮುಂದಿಟ್ಟವು. ಎಂ-ಸಿಸ್ಟಮ್ಸ್ ಮೊದಲಾದವರ ವಿರುದ್ಧ ಟ್ರೆಕ್ ಸಿಂಗಪುರದಲ್ಲಿ ಹೂಡಿದ್ದ ಮೊಕದ್ದಮೆಯನ್ನು 2005ರಲ್ಲಿ ಗೆದ್ದಿತಾದರೂ, ಬ್ರಿಟನ್ನಿನಲ್ಲಿ ಅದರ ಪೇಟೆಂಟೊಂದು ರದ್ದಾಯಿತು. ಪೇಟೆಂಟ್ ಆಯಾ ದೇಶದ ಗಡಿಯೊಳಗಷ್ಟೇ ಊರ್ಜಿತವಾದ್ದರಿಂದ ಇಂಥ ಸೋಲುಗೆಲುವುಗಳು ಒಟ್ಟೊಟ್ಟಿಗೇ ಸಾಧ್ಯ.

ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡನ ದಾರಿ ಇದಕ್ಕಿಂತ ಸರಳವಾಗಿತ್ತು. ನೆಪೋಲಿಯನ್ನನ ಆಡಳಿತ ಅವನ ಸಾಧನವನ್ನು ಸಾರ್ವಜನಿಕ ಸ್ವತ್ತೆಂದು ಘೋಷಿಸಿ, ಅವನಿಗೆ ಪಿಂಚಣಿಯನ್ನೂ ಪ್ರತಿ ಮಗ್ಗದ ಮೇಲೆ ಗೌರವಧನವನ್ನೂ ಗೊತ್ತುಮಾಡಿತು. ಹೀಗೆ ಕಾರ್ಡಿನ ಯಂತ್ರಕ್ಕೂ ಪೆನ್‌ಡ್ರೈವಿಗೂ ವಾರಸುದಾರರು ಸಿಕ್ಕರು. ಅವುಗಳಲ್ಲಿ ಕೂತು ಮಗ್ಗಕ್ಕೆ ಬರುವ ಸೆರಗಿನ ಚಿತ್ತಾರಕ್ಕೆ ಮಾತ್ರ ವಾರಸುದಾರರನ್ನು ಹುಡುಕುವುದು ಕಷ್ಟ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೋಂದಣಿಗೆ ಅರ್ಹವಾಗಿದ್ದೂ ನೋಂದಣಿಯಾಗದ ವಿನ್ಯಾಸವನ್ನು ಯಂತ್ರದ ಮೂಲಕ 50ಕ್ಕಿಂತ ಹೆಚ್ಚು ಬಾರಿ ಮೂಡಿಸಿದರೆ ಅದರ ಕೃತಿಸ್ವಾಮ್ಯವೇ ಕೊನೆಗೊಳ್ಳುತ್ತದೆ. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ ಮೊದಲಿಗೆ 10 ವರ್ಷ, ನವೀಕರಿಸಿದರೆ ಮತ್ತೆ 5 ವರ್ಷ ರಕ್ಷಣೆಯುಂಟು. ಆದರೆ ಸೀರೆ ಪೇಟೆ ಕಾಣುವ ಮೊದಲೇ ಅರ್ಜಿ ಸಲ್ಲಿಸಿರಬೇಕು.

ಹಬ್ಬದ ಹಂಗಾಮಿಗೆ ನೇಯುವವನಿಗೆ ಅಷ್ಟು ವ್ಯವಧಾನವಿರುವುದಿಲ್ಲ. ಮಗ್ಗ ನಿಲ್ಲಿಸಿ ಹೊರಡುವಾಗ ಪೆನ್‌ಡ್ರೈವನ್ನು ಕಿತ್ತು ಜೇಬಿಗಿಟ್ಟುಕೊಂಡರೆ ಕಡತವೇನೋ ಭದ್ರ. ಆದರೆ ಅಂಗಡಿಯಲ್ಲಿ ಬಿಚ್ಚಿ ತೋರಿಸಿದ ಸೆರಗನ್ನು ನೋಡಿಯೇ ಮತ್ತೊಂದು ಕಡತ ಸಿದ್ಧಪಡಿಸುವವರಿಗೆ ಆ ಜೇಬಿನ ಹಂಗಿಲ್ಲ.