ಪಾತ್ರೆಯ ಮುಚ್ಚಳ ಹಿಡಿದು ನಿಂತ ಮೇಷ್ಟ್ರು

ಘರ್ಷಣೆ ಎಂದರೇನು, ಅದು ಇಲ್ಲದಿದ್ದರೆ ಏನಾಗುತ್ತದೆ ಎಂಬ ಪಾಠವನ್ನು ಇಪ್ಪತ್ತೊಂಬತ್ತು ವರ್ಷಗಳಿಂದ ಮಾಡುತ್ತ ಬಂದ ನಾನು, 2024ರ ಜುಲೈ ತಿಂಗಳಲ್ಲಿ ನಮ್ಮ ಮನೆಯಂಗಳದ ಪಾಚಿಗಟ್ಟಿದ ಜಂಬಿಟ್ಟಿಗೆ ಮೆಟ್ಟಿಲ ಮೇಲೆ ಅದನ್ನು ಖುದ್ದಾಗಿ ಪ್ರಯೋಗ ಮಾಡಿ ನೋಡಿದೆ. ಫಲಿತಾಂಶ, ಬಲಗಾಲಿನ ಹರಡಿನ ಬಳಿ ಮೂಳೆಗೆ ಬಿರುಕು. ಆರು ವಾರ ಪ್ಲಾಸ್ಟರು. ತೀರ್ಥಹಳ್ಳಿ ಸೀಮೆಯ ಮಳೆಗಾಲದಲ್ಲಿ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಲಗುವುದೆಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು. ಹೊರಗೆ ಮಳೆ, ಒಳಗೆ ಮುಗ್ಗಲು ವಾಸನೆ, ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವುದು, ಬಂದವರೆಲ್ಲ "ಸೈನ್ಸ್ ಮೇಷ್ಟ್ರೇ ಜಾರಿ ಬಿದ್ರಂತೆ" ಎಂದು ನಗುವುದು.

ಬೆಂಗಳೂರಿನಿಂದ ನೋಡಲು ಬಂದ ಮಗ ಎರಡು ದಿನ ಇದ್ದು ಹೊರಡುವಾಗ, ಚೀಲದಿಂದ ಆರಂಗುಲ ಚಿಲ್ಲರೆ ಅಗಲದ ಪರದೆಗೆ ಎರಡೂ ಬದಿ ಗುಂಡಿಗಳಿದ್ದ ಯಂತ್ರವೊಂದನ್ನು ತೆಗೆದು ಮಂಚದ ಮೇಲಿಟ್ಟ. "ಹೊತ್ತು ಹೋಗದಿದ್ರೆ ಆಡಿ ಅಪ್ಪ. ಇದ್ರಲ್ಲಿ ನಿಮ್ಮ ಫಿಸಿಕ್ಸ್ ಎಲ್ಲಾ ಇದೆ" ಎಂದ. ನಾನು "ಹೂಂ" ಎಂದೆ. ಅವನ ಮುಖ ನೋಡಲಿಲ್ಲ. ಅದಕ್ಕೆ ಕಾರಣವಿತ್ತು, ಮುಂದೆ ಹೇಳುತ್ತೇನೆ.

ಆ ಯಂತ್ರದೊಳಗಿದ್ದುದು 'ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' ಎಂಬ ಆಟ. ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಕಂಪನಿ ಇದನ್ನು 2017ರ ಮಾರ್ಚ್ 3ರಂದು ಬಿಡುಗಡೆ ಮಾಡಿತು. ಜೆಲ್ಡಾ ಮಾಲಿಕೆ ಶುರುವಾದದ್ದು 1986ರಲ್ಲಿ. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಶಿಗೆರು ಮಿಯಾಮೊಟೊ ಹುಡುಗನಾಗಿದ್ದಾಗ ಕ್ಯೋಟೊ ಬಳಿಯ ಸೊನೋಬೆ ಎಂಬ ಊರಿನ ಗುಡ್ಡ, ಗುಹೆಗಳಲ್ಲಿ ಅಲೆಯುತ್ತಿದ್ದರಂತೆ. ಆ ಅಲೆದಾಟವೇ ಆಟವಾಯಿತು. ನಮ್ಮೂರ ಹುಡುಗರೂ ಗುಡ್ಡ ಅಲೆಯುತ್ತಾರೆ. ನಾವು ಅವರಿಗೆ ಟ್ಯೂಷನ್ ಹಾಕಿಸುತ್ತೇವೆ.

ಕಥೆ ಸರಳ. ಲಿಂಕ್ ಎಂಬ ತರುಣ ನೂರು ವರ್ಷದ ನಿದ್ದೆಯಿಂದ ಏಳುತ್ತಾನೆ. ನೆನಪಿಲ್ಲ, ಮೈಮೇಲೆ ನೆಟ್ಟಗೆ ಬಟ್ಟೆಯೂ ಇಲ್ಲ. ಗುಹೆಯಿಂದ ಹೊರಬಂದರೆ ಎದುರಿಗೆ ಇಡೀ ರಾಜ್ಯ: ಕಾಡು, ಹೊಳೆ, ಹೊಗೆಯಾಡುವ ಬೆಟ್ಟ, ದೂರದಲ್ಲಿ ದೈತ್ಯಶಕ್ತಿ ಹೊಕ್ಕ ಕೋಟೆ. ಮೊದಲ ಪ್ರಸ್ಥಭೂಮಿಯನ್ನು ಇಳಿಯುವ ಯೋಗ್ಯತೆ ಗಳಿಸಿದ ಮೇಲೆ ಎಲ್ಲಿಗೆ ಬೇಕಾದರೂ ಹೋಗಬಹುದು, ಕಣ್ಣಿಗೆ ಕಂಡ ಬೆಟ್ಟವನ್ನೆಲ್ಲ ಹತ್ತಬಹುದು. 'ಓಪನ್ ವರ್ಲ್ಡ್' ಎಂದು ಇದಕ್ಕೇ ಹೇಳುವುದು. ಕೇಳಲು ಬಹಳ ಚೆನ್ನಾಗಿದೆ. ನಾನಂತೂ ಆ ಪ್ರಸ್ಥಭೂಮಿಯಲ್ಲೇ ಹನ್ನೊಂದು ದಿನ ಕಳೆದೆ.

ಮೊದಲನೆಯ ಕಷ್ಟ ಗುಂಡಿಗಳದು. ಓಡಲು ಒಂದು, ನೆಗೆಯಲು ಒಂದು, ಹೊಡೆಯಲು ಒಂದು, ಎಸೆಯಲು ಇನ್ನೊಂದು. ಶತ್ರು ಎದುರಿಗೆ ಬಂದಾಗ ನನ್ನ ಬೆರಳು ತಪ್ಪಿ ಎಸೆಯುವ ಗುಂಡಿಯ ಮೇಲೆ ಬಿತ್ತು. ಕೈಯಲ್ಲಿದ್ದ ಒಂದೇ ಒಂದು ಖಡ್ಗ ಗಿರಗಿರನೆ ತಿರುಗುತ್ತ ಪ್ರಪಾತಕ್ಕೆ ಹೋಯಿತು. ಬರಿಗೈಲಿ ನಿಂತ ನನ್ನ ಲಿಂಕನನ್ನು ಹಂದಿಮೂತಿಯ ರಾಕ್ಷಸ ದೊಣ್ಣೆಯಿಂದ ಬಡಿದು ಕೊಂದ. ಪರದೆಯ ಮೇಲೆ ಬರುವ ಅಕ್ಷರಗಳೋ, ಕನ್ನಡಕ ಹಾಕಿದರೂ ಇರುವೆ ಸಾಲು.

ಎರಡನೆಯದು, ಆಯುಧಗಳು ಮುರಿಯುವುದು. ಮರದ ಕೊಂಬೆ ಮುರಿದರೆ ಒಪ್ಪೋಣ. ಉಕ್ಕಿನ ಖಡ್ಗವೂ ಹತ್ತಾರು ಏಟಿಗೆ ಪುಡಿಪುಡಿ! ಲೋಹದ ದಣಿವು ಎಂಬುದೊಂದುಂಟು, ಬಲ್ಲೆ. ಆದರೆ ನಮ್ಮ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿರುವ ಕತ್ತಿ ನನ್ನ ಅಜ್ಜನ ಕಾಲದ್ದು. ಹಿಡಿ ಎರಡು ಸಲ ಬದಲಾಗಿದೆ, ಅಲಗು ಅದೇ. ಮಗನಿಗೆ ಫೋನಿನಲ್ಲಿ ಇದನ್ನು ಹೇಳಿದರೆ, "ಒಂದೇ ಕತ್ತಿಗೆ ಅಂಟಿಕೊಂಡು ಕೂರಬಾರದು ಅಂತಲೇ ಹಾಗೆ ಮಾಡಿದ್ದಾರೆ, ಅಪ್ಪ" ಎಂದ. ಒಳ್ಳೆಯ ಖಡ್ಗ ಸಿಕ್ಕಿದರೆ ಅದನ್ನು ಸವೆಸಲು ಮನಸ್ಸಾಗದೆ ಚೀಲದಲ್ಲೇ ಇಟ್ಟು, ಕೊಂಬೆ ಹಿಡಿದು ಹೋರಾಡಿ ಸಾಯುತ್ತಿದ್ದೆ. ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆಗಳನ್ನು ಅಟ್ಟದ ಮೇಲಿಟ್ಟು ಸೊಟ್ಟ ಪಾತ್ರೆಯಲ್ಲಿ ಅಡಿಗೆ ಮಾಡುವ ಮನೆತನ ನಮ್ಮದು.

ಮೂರನೆಯದು ಮಳೆ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು. ಲಿಂಕ್ ಬಂಡೆ ಹತ್ತುವಾಗ ಅವನ ತ್ರಾಣ ಒಂದು ಹಸಿರು ಬಳೆಯಂತೆ ಕಾಣುತ್ತದೆ. ಹತ್ತಿದಂತೆಲ್ಲ ಬಳೆ ಕರಗುತ್ತದೆ. ಪೂರ್ತಿ ಕರಗಿದರೆ ಕೈಬಿಟ್ಟು ಬೀಳುತ್ತಾನೆ. ನಾನು ಲೆಕ್ಕ ಹಾಕಿ, ನಡುನಡುವೆ ಎಲ್ಲೆಲ್ಲಿ ನಿಲ್ಲಲು ಚಾಚುಗಲ್ಲುಗಳಿವೆ ಎಂದು ನೋಡಿಟ್ಟುಕೊಂಡು, ಮುಕ್ಕಾಲು ಬೆಟ್ಟ ಏರಿರುತ್ತೇನೆ. ಆಗ ಸಣ್ಣಗೆ ಹನಿ ಶುರು. ಬಂಡೆ ಒದ್ದೆಯಾಗುತ್ತದೆ. ನಾಲ್ಕು ಹೆಜ್ಜೆ ಏರಿದರೆ ಸರ್ರನೆ ಜಾರಿ ಮತ್ತೆ ಕೆಳಗೆ. ಮಳೆ ನಿಲ್ಲುವವರೆಗೆ ಕಾಯಬೇಕು. ಬೆಂಕಿ ಹಾಕಿ ಕೂರೋಣವೆಂದರೆ, ಮರೆಯಿಲ್ಲದ ಕಡೆ ಬೆಂಕಿಯೂ ಹತ್ತುವುದಿಲ್ಲ. ಆ ಲೋಕದ ಒಂದು ದಿನ ನಮ್ಮ ಇಪ್ಪತ್ತನಾಲ್ಕು ನಿಮಿಷ. ಹಾಗಾಗಿ ನಾನು ಯಾವುದೋ ಬಂಡೆಯ ಚಾಚಿನ ಕೆಳಗೆ ಆ ಹುಡುಗನನ್ನು ನಿಲ್ಲಿಸಿ, ಇಲ್ಲಿ ಮಂಚದ ಮೇಲೆ ಪ್ಲಾಸ್ಟರ್ ಕಾಲು ಚಾಚಿಕೊಂಡು, ಅಲ್ಲಿಯ ಮಳೆ ನಿಲ್ಲಲೆಂದು ಕಾಯುತ್ತಿದ್ದೆ. ಕಿಟಕಿಯ ಹೊರಗೂ ಮಳೆ. ಕಾಫಿ ತಂದ ನನ್ನಾಕೆ ಪರದೆಯನ್ನೊಮ್ಮೆ, ಕಿಟಕಿಯನ್ನೊಮ್ಮೆ, ನನ್ನ ಕಾಲನ್ನೊಮ್ಮೆ ನೋಡಿ ಏನೂ ಮಾತಾಡದೆ ಒಳಗೆ ಹೋದಳು.

ಹಾಗಾದರೆ ಬಿಟ್ಟುಬಿಡಬಾರದಿತ್ತೇ ಎಂದು ಕೇಳುತ್ತೀರಿ. ಬಿಡಗೊಡದಿದ್ದುದು ಅದರೊಳಗಿನ ವಿಜ್ಞಾನ. ಒಂದು ದಿನ ಅಕಸ್ಮಾತ್ತಾಗಿ ಒಣಹುಲ್ಲಿಗೆ ಬೆಂಕಿ ತಗುಲಿತು. ಬಿಸಿಗಾಳಿ ಮೇಲೆದ್ದಿತು; ಆಗ ಬಟ್ಟೆಯ ಜೋಲಿ ಬಿಚ್ಚಿದ ಲಿಂಕ್ ಗಾಳಿಪಟದಂತೆ ಮೇಲೇರಿದ. ಏಳನೆಯ ತರಗತಿಗೆ ಸಂವಹನವನ್ನು ವರ್ಷ ವರ್ಷ ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ಕಲಿಸಿದವನು ನಾನು. ಇಲ್ಲಿ ಆ ಬಾಣದ ಗುರುತನ್ನು ಹಿಡಿದು ಹಾರಬಹುದು! ಅದೇ ಬೆಂಕಿಯಲ್ಲಿ ಬಿದ್ದ ಸೇಬುಗಳು ಸುಟ್ಟ ಸೇಬುಗಳಾಗಿದ್ದವು. ಬಿಸಿನೀರಿನ ಬುಗ್ಗೆಗೆ ಮೊಟ್ಟೆ ಹಾಕಿದರೆ ಬೇಯುತ್ತದೆ. ವಿದ್ಯುತ್ ಹರಿಯಬೇಕಾದ ಕಡೆ ತಂತಿ ತುಂಡಾಗಿದ್ದರೆ ಲೋಹದ ಖಡ್ಗವನ್ನು ಅಡ್ಡ ಇಟ್ಟು ಮಂಡಲ ಪೂರ್ಣಗೊಳಿಸಬಹುದು. ಭೌತಶಾಸ್ತ್ರದ ನಿಯಮಗಳಲ್ಲದೆ, ಬೆಂಕಿ, ನೀರು, ವಿದ್ಯುತ್ತು ಯಾವ ವಸ್ತುವಿನ ಮೇಲೆ ಏನು ಮಾಡುತ್ತವೆ ಎಂಬುದಕ್ಕೇ ಬೇರೆ ನಿಯಮಾವಳಿ ಬರೆದು, ಅದನ್ನು 'ಕೆಮಿಸ್ಟ್ರಿ ಎಂಜಿನ್' ಎಂದು ಕರೆದಿದ್ದಾರೆ ಇದನ್ನು ಮಾಡಿದವರು.

ತಪ್ಪುಗಳೂ ಇವೆ, ಬಿಡಿ. ಮೆಣಸು ಹಾಕಿ ಬೇಯಿಸಿದ ಅಡಿಗೆ ತಿಂದರೆ ಹಿಮಬೆಟ್ಟದ ಚಳಿ ತಡೆಯಬಹುದಂತೆ. ಮೆಣಸಿನ ಕ್ಯಾಪ್ಸೈಸಿನ್ ಬಿಸಿಯನ್ನು ಗುರುತಿಸುವ ನರಗಳನ್ನು ಮೋಸಗೊಳಿಸುತ್ತದೆಯೇ ಹೊರತು ಕಂಬಳಿಯ ಕೆಲಸ ಮಾಡುವುದಿಲ್ಲ. ಗುಡುಗು ಬಂದಾಗ ಬೆನ್ನಿಗಿರುವ ಲೋಹದ ಗುರಾಣಿಯೇ ಸಿಡಿಲನ್ನು ಕರೆಯುತ್ತದೆ ಎಂಬುದೂ ಅತಿಶಯೋಕ್ತಿ. ಬಯಲಲ್ಲಿ ಎತ್ತರವಾಗಿ ಒಂಟಿಯಾಗಿ ನಿಂತಿರುವುದೇ ನಿಜವಾದ ಅಪಾಯ, ಕಿಸೆಯಲ್ಲಿರುವ ಬೀಗದ ಕೈ ಅಲ್ಲ. ಮಕ್ಕಳೇ, ಗುಡುಗಿದಾಗ ಛತ್ರಿಯ ಕಡ್ಡಿ ಬಿಸಾಡಿ ಗದ್ದೆಯಲ್ಲಿ ನಿಲ್ಲಬೇಡಿ, ಮನೆಯೊಳಗೆ ಓಡಿ.

ಆದರೆ ನನ್ನನ್ನು ನಿಜವಾಗಿ ಸೋಲಿಸಿದ್ದು ಗಾರ್ಡಿಯನ್ ಎಂಬ ಯಂತ್ರ. ಪಾಳುಬಿದ್ದ ಗೋಡೆಗಳ ನಡುವೆ ಅರ್ಧ ಹೂತು ಕುಳಿತಿರುತ್ತದೆ. ಹತ್ತಿರ ಸುಳಿದರೆ ಕಣ್ಣು ತೆರೆದು, ಎದೆಗೆ ಕೆಂಪು ಗೆರೆಯ ಗುರಿಯಿಟ್ಟು, ಟಿಕ್ ಟಿಕ್ ಎಂದು ಎಣಿಸಿ, ಒಂದೇ ಕಿರಣಕ್ಕೆ ಮೂರು ಹೃದಯವನ್ನೂ ಕಳೆಯುತ್ತದೆ. ಒಂದು ಮಧ್ಯಾಹ್ನ ಹತ್ತೊಂಬತ್ತು ಸಲ ಸತ್ತೆ. ಇಪ್ಪತ್ತನೆಯ ಸಲಕ್ಕೆ ಯಂತ್ರವನ್ನು ದಿಂಬಿನ ಮೇಲೆ ಎಸೆದು, ನನ್ನ ವಿದ್ಯಾರ್ಥಿಗಳು ಕೇಳಬಾರದ ಒಂದು ಮಾತನ್ನಾಡಿದೆ.

ಕೇಳಿಸಿಕೊಂಡದ್ದು ವಿದ್ಯಾರ್ಥಿಯೇ. ಹಾಲು ಕೊಡಲು ಬಂದಿದ್ದ ಪಕ್ಕದ ಮನೆಯ ಹುಡುಗ, ನನ್ನದೇ ಶಾಲೆಯ ಒಂಬತ್ತನೆಯ ತರಗತಿಯವನು, ಬಾಗಿಲಲ್ಲಿ ನಿಂತಿದ್ದ. ವಿಜ್ಞಾನದಲ್ಲಿ ನಲವತ್ತಕ್ಕೆ ಹನ್ನೊಂದು. "ಏಕಾಗ್ರತೆ ಸಾಲದು" ಎಂದು ಅವನ ಅಂಕಪಟ್ಟಿಯಲ್ಲಿ ಬರೆದವನು ನಾನೇ. ಮಾವನ ಮನೆಯಲ್ಲಿ ಈ ಆಟ ನೋಡಿದ್ದನಂತೆ. "ಸರ್, ಗಡಿಬಿಡಿ ಮಾಡಿದ್ರೆ ಆಗಲ್ಲ. ಪಾತ್ರೆ ಮುಚ್ಚಳ ಇದ್ದರೆ ಸಾಕು" ಎಂದ. ಪಾತ್ರೆಯ ಮುಚ್ಚಳ! ಮರದ ಆ ಮುಚ್ಚಳವನ್ನು ಗುರಾಣಿಯಂತೆ ಹಿಡಿದು, ಕಿರಣ ತಲುಪುವ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ಕಿರಣ ತಿರುಗಿ ಹೋಗುತ್ತದಂತೆ.

ಕಿರಣ ಕಂಡ ಮೇಲೆ ಒತ್ತಲು ನನ್ನಿಂದ ಸಾಧ್ಯವೇ ಎಂದು ಮೊದಲು ತಿಳಿಯಬೇಕಲ್ಲ? ಹುಡುಗನಿಗೆ ಸ್ಕೇಲು ತರಲು ಹೇಳಿದೆ. ಒಬ್ಬರು ಸ್ಕೇಲನ್ನು ನೇರವಾಗಿ ಹಿಡಿದು ಬಿಡುವುದು, ಇನ್ನೊಬ್ಬರು ಸೊನ್ನೆಯ ಗುರುತಿನ ಬಳಿ ಬೆರಳಿಟ್ಟು ಕಾದು ಹಿಡಿಯುವುದು. ಎಷ್ಟು ಬಿದ್ದ ಮೇಲೆ ಸಿಕ್ಕಿತೋ ಅದರ ಎರಡರಷ್ಟನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ ವರ್ಗಮೂಲ ತೆಗೆದರೆ ಪ್ರತಿಕ್ರಿಯೆಯ ಕಾಲ ಸಿಗುತ್ತದೆ. ಅವನು 17 ಸೆಂಟಿಮೀಟರಿಗೆ ಹಿಡಿದ, ಅಂದರೆ 0.19 ಸೆಕೆಂಡು. ನಾನು 28ಕ್ಕೆ, 0.24 ಸೆಕೆಂಡು. ವರ್ಗಮೂಲ ತೆಗೆದದ್ದು ಅವನು. ಎರಡು ಸಲ ತಪ್ಪಿದ, ಮೂರನೆಯ ಸಲ ತಾನೇ ಸರಿಮಾಡಿದ. ನಾನು ಬಾಯಿ ಹಾಕಲಿಲ್ಲ. ತರಗತಿಯಲ್ಲಾದರೆ ಹಾಕುತ್ತಿದ್ದೆ.

"ಕಣ್ಣಲ್ಲಿ ನೋಡ್ಬೇಡಿ ಸರ್, ಕೇಳಿ. ಟಿಕ್ ಟಿಕ್ ಜೋರಾಗ್ತದಲ್ಲ, ಅದರ ತಾಳ ಹಿಡೀರಿ. ಮತ್ತೆ ಸ್ವಲ್ಪ ದೂರ ನಿಲ್ಲಿ" ಎಂದ. ಅವನು ಹೇಳಿದ್ದರಲ್ಲಿ ಸತ್ಯವಿತ್ತು. ಕಣ್ಣಿಗಿಂತ ಕಿವಿಗೆ ನಮ್ಮ ಪ್ರತಿಕ್ರಿಯೆ ಬೇಗ ಎಂಬುದು ಅಳೆದು ನೋಡಿದ ವಿಷಯ. ದೂರ ನಿಂತರೆ ಕಿರಣ ಬರಲು ಸ್ವಲ್ಪ ಹೊತ್ತೂ ಸಿಗುತ್ತದೆ. ಈ ಹುಡುಗ ಏಕಾಗ್ರತೆ ಸಾಲದವನಲ್ಲ ಎಂದು ಮೊದಲ ಬಾರಿ ಅನಿಸಿತು. ಮರುದಿನ ಸಂಜೆ, ಲೆಕ್ಕವಿಟ್ಟಿದ್ದರೆ ನಲವತ್ತನೆಯ ಸಾವಿನ ಆಸುಪಾಸಿನಲ್ಲಿ, ಠಣ್ ಎಂದು ಮುಚ್ಚಳ ಬಡಿಯಿತು. ಕಿರಣ ಹಿಂದಿರುಗಿ ಗಾರ್ಡಿಯನ್ನಿನ ಕಣ್ಣಿಗೇ ಹೊಡೆಯಿತು. ನಾವಿಬ್ಬರೂ ಕೂಗಿದ ಕೂಗಿಗೆ ಕೊಟ್ಟಿಗೆಯ ದನ ಎದ್ದು ನಿಂತವು.

ಮಕ್ಕಳಿಗೆ ಇಂಥ ಆಟ ಕೊಡಬಹುದೇ ಎಂದು ಪೋಷಕರು ಆಮೇಲೆ ನನ್ನನ್ನು ಕೇಳಿದ್ದುಂಟು. ದಿನಕ್ಕೆ ಅರ್ಧ ಗಂಟೆ ಬಿಡುವಿರುವವನಿಗೆ ಹೇಳಿಸಿದ ಆಟವಲ್ಲ ಇದು. ಪರೀಕ್ಷೆಯ ಹಿಂದಿನ ತಿಂಗಳು ಖಂಡಿತ ಬೇಡ. ಅದರಲ್ಲಿ 900 ಪುಟ್ಟ ವನದೇವತೆಗಳು ಅಡಗಿವೆ. ಅಷ್ಟನ್ನೂ ಹುಡುಕಿದವರಿಗೆ ಸಿಗುವ ಬಹುಮಾನ ಚಿನ್ನದ ಬಣ್ಣದ ಸೆಗಣಿಮುದ್ದೆಯಂಥ ಒಂದು ವಸ್ತು. ಇದನ್ನು ಮೊದಲೇ ಮಕ್ಕಳಿಗೆ ತಿಳಿಸಿಬಿಡಿ. ಇದಕ್ಕಿಂತ ಹೆಚ್ಚು ಹೇಳುವ ಅಧಿಕಾರ ನನಗಿಲ್ಲ, ಏಕೆಂದರೆ ನಾನು ಈ ವಿಷಯದಲ್ಲಿ ಶುದ್ಧಹಸ್ತನಲ್ಲ.

2010ರಲ್ಲಿ ನನ್ನ ಮಗ ಎಸ್ಸೆಸ್ಸೆಲ್ಸಿ. ಅವನ ಸೋದರಮಾವ ಕೊಟ್ಟಿದ್ದ ಅಂಗೈಯಗಲದ ಒಂದು ವಿಡಿಯೋ ಗೇಮ್ ಅವನಲ್ಲಿತ್ತು. ಜನವರಿಯಲ್ಲಿ ಅದನ್ನು ಕಸಿದು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಪರೀಕ್ಷೆ ಮುಗಿದ ದಿನ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವನಿಗೆ ಕಡಿಮೆ ಅಂಕ ಬಂದವು. ಆ ಸಿಟ್ಟಿನಲ್ಲಿ ಅದನ್ನು ಗುಜರಿಯವನಿಗೆ ಹಾಕಿಬಿಟ್ಟೆ. ಪರೀಕ್ಷೆ ಮುಗಿಸಿ ಬಂದ ಹುಡುಗ ಬೀರುವಿನ ಮುಂದೆ ನಿಂತದ್ದು ಇನ್ನೂ ಕಣ್ಣ ಮುಂದಿದೆ. ಅವನು ಅಳಲಿಲ್ಲ, ಕೇಳಲೂ ಇಲ್ಲ. ಹದಿನಾಲ್ಕು ವರ್ಷ ನಾವಿಬ್ಬರೂ ಆ ಮಾತೆತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಗೌರಿ ಹಬ್ಬಕ್ಕೆ ಮಗ ಬಂದ. ನಾನು ಆಗ ಪ್ಲಾಸ್ಟರು ಬಿಚ್ಚಿಸಿಕೊಂಡು ಕೋಲೂರಿ ನಡೆಯುತ್ತಿದ್ದೆ. ಲಿಂಕನೂ ಪ್ರಸ್ಥಭೂಮಿ ಇಳಿದಿದ್ದ. ರಾತ್ರಿ ಊಟವಾದ ಮೇಲೆ ಮಗ ನನ್ನ ಪಕ್ಕ ಕುಳಿತು ನಾನಾಡುವುದನ್ನು ನೋಡಿದ. ಬೆಟ್ಟವೊಂದನ್ನು ಹತ್ತುತ್ತಿದ್ದೆ. ಮಳೆ ಬಂತು. ಜಾರಿದೆ. "ಇನ್ನೊಂದ್ಸಲ" ಎಂದ. ಮತ್ತೆ ಜಾರಿದೆ. ಯಂತ್ರವನ್ನು ನನ್ನ ಕೈಯಿಂದ ಅವನು ತೆಗೆದುಕೊಳ್ಳಲಿಲ್ಲ. ನಾನಾಗಿದ್ದರೆ ಕಸಿದುಕೊಂಡು ತೋರಿಸುತ್ತಿದ್ದೆ.

ಲಿಂಕನನ್ನು ಬಂಡೆಯ ಕೆಳಗೆ ನಿಲ್ಲಿಸಿ ಕೇಳಿದೆ: "ಅದು... ಆ ಹಳೇದು, ನಾನು ಗುಜರಿಗೆ ಹಾಕಿದ್ದು. ಅದ್ರಲ್ಲಿ ಏನಿತ್ತೋ?"

ಅವನು ಸ್ವಲ್ಪ ಹೊತ್ತು ಪರದೆಯ ಮೇಲಿನ ಮಳೆಯನ್ನೇ ನೋಡಿದ. "ಒಂದು ಕಾರಿನ ಆಟ ಇತ್ತು. ಒಂಬತ್ತನೇ ಸುತ್ತಿನಲ್ಲಿ ಒಂದು ಸೇತುವೆ ಬರ್ತಿತ್ತು. ಅದನ್ನ ದಾಟೋಕೆ ಆಗಿರ್ಲಿಲ್ಲ ನನಗೆ."

"ಆಮೇಲೆ ಏನಿತ್ತು, ಸೇತುವೆ ಆಚೆ?"

"ಗೊತ್ತಿಲ್ಲ ಅಪ್ಪ" ಎಂದ. ಆಮೇಲೆ ಮೆಲ್ಲಗೆ, "ಮಳೆ ನಿಂತಿತು ನೋಡಿ, ಹತ್ತಿ" ಎಂದ.