ಉಳಿದ ಹೊತ್ತು ಯಾರ ಪಾಲಿಗೆ?

ಎಪ್ಪತ್ತು ದಾಟಿದ ಹೆಂಗಸರ ಬಾಯಿಂದ ಎಲ್ಲರಿಗೂ ಒಂದೇ ಮಾತು ಕೇಳುವ ಆಸೆ: ಆಗಿನ ಕಾಲವೇ ಚೆನ್ನಾಗಿತ್ತು ಅಂತ. ಒರಳಲ್ಲಿ ರುಬ್ಬಿದ ಚಟ್ನಿ, ಸೌದೆ ಒಲೆಯ ಮೇಲೆ ಕುದಿದ ಸಾರು, ಮಡಕೆಯಲ್ಲಿ ಹೆಪ್ಪಾದ ಮೊಸರು. ಇವನ್ನೆಲ್ಲ ನೆನೆದು ನಿಟ್ಟುಸಿರು ಬಿಡುವವರಲ್ಲಿ ಹೆಚ್ಚಿನವರು ಆ ಚಟ್ನಿ ಉಂಡವರು. ನಾನು ರುಬ್ಬಿದವಳು. ರುಚಿ ಇದ್ದದ್ದು ನಿಜ. ಆದರೆ ಆ ರುಚಿಗೆ ಯಾರು ಏನು ತೆತ್ತರು ಎನ್ನುವುದನ್ನೂ ಜೊತೆಗೇ ಹೇಳದಿದ್ದರೆ ನನ್ನ ತಾಯಿಗೂ ಅತ್ತೆಗೂ ಅನ್ಯಾಯ ಮಾಡಿದಂತಾಗುತ್ತದೆ.

ದೋಸೆಗೆ ರುಬ್ಬುವ ಕೆಲಸವನ್ನೇ ತೆಗೆದುಕೊಳ್ಳಿ. ಹಾಸನದ ಕಡೆಯ ನಮ್ಮ ಹಳ್ಳಿಮನೆಯಲ್ಲಿ ಒರಳು ಹಿತ್ತಿಲ ಬಾಗಿಲ ಪಕ್ಕದಲ್ಲಿತ್ತು. ಬೆಳಿಗ್ಗೆ ನೆನೆಹಾಕಿದ ಅಕ್ಕಿ, ಉದ್ದಿನಬೇಳೆಯನ್ನು ಸಂಜೆ ದೀಪ ಹಚ್ಚಿದ ಮೇಲೆ ರುಬ್ಬಲು ಕೂರುತ್ತಿದ್ದೆವು. ಒಂದು ಕಾಲು ಚಾಚಿ, ಇನ್ನೊಂದು ಮಡಿಚಿ, ಬಲಗೈಯಲ್ಲಿ ಗುಂಡು ತಿರುಗಿಸುತ್ತ, ಎಡಗೈಯಲ್ಲಿ ಹಿಟ್ಟನ್ನು ಕುಳಿಯೊಳಕ್ಕೆ ತಳ್ಳುತ್ತ ಇರಬೇಕು. ಎರಡು ಕೈಗಳ ಓಟ ಹೊಂದದಿದ್ದರೆ ಬೆರಳು ಕಲ್ಲಿಗೆ ಸಿಕ್ಕುತ್ತದೆ. ಉದ್ದಿಗೆ ನೀರು ಚಿಮುಕಿಸಿ ಚಿಮುಕಿಸಿ ರುಬ್ಬಿದರೆ ಅದು ಉಬ್ಬಿ ಒರಳಿನ ಅಂಚಿಗೆ ಬರುತ್ತದೆ. ಒಂದು ಚೂರು ಹಿಟ್ಟು ತೆಗೆದು ನೀರಿಗೆ ಬಿಟ್ಟಾಗ ತೇಲಿದರೆ ಹದವಾಯಿತು ಎಂದು ಲೆಕ್ಕ. ಅದನ್ನು ತೋಡಿಟ್ಟು ಆಮೇಲೆ ಅಕ್ಕಿ. ತುಂಬಿದ ಮನೆಗೆ ರುಬ್ಬುವುದೆಂದರೆ ಏಳುವಾಗ ಸೊಂಟ ಹಿಡಿದುಕೊಂಡೇ ಏಳಬೇಕು. ಕೊನೆಗೆ ಒರಳು ತೊಳೆದ ನೀರನ್ನು ಎಮ್ಮೆಯ ಕಲಗಚ್ಚಿಗೆ ಸುರಿದು ಬಂದರೆ ರಾತ್ರಿ ಅಡುಗೆಗೆ ಹೊತ್ತಾಗಿರುತ್ತಿತ್ತು.

ಒಲೆಯದು ಇನ್ನೊಂದು ಕಥೆ. ಸೌದೆ ಒಲೆಯ ಮೇಲೆ ಪಾತ್ರೆ ಇಡುವ ಮುಂಚೆ ಅದರ ತಳಕ್ಕೆ ಬೂದಿಯನ್ನು ನೀರಲ್ಲಿ ಕಲಸಿ ಬಳಿಯುತ್ತಿದ್ದೆವು. ಮಸಿ ಆ ಬೂದಿಗೆ ಹಿಡಿಯುತ್ತದೆ, ಉಜ್ಜುವಾಗ ಬೇಗ ಬಿಡುತ್ತದೆ. ಇದನ್ನು ಕಂಡುಕೊಂಡವಳು ಯಾವ ಕಾಲದ ಯಾವ ಹೆಂಗಸೋ, ಅವಳ ಬುದ್ಧಿ ನಮ್ಮೆಲ್ಲರ ಕೈ ಉಳಿಸಿತು. ಮಳೆಗಾಲದಲ್ಲಿ ಸೌದೆ ಹಸಿಯಾದರೆ ಊದುಗೊಳವೆ ಹಿಡಿದು ಊದಿ ಊದಿ ಕಣ್ಣು ಕೆಂಪಾಗುತ್ತಿತ್ತು. ನನ್ನ ತಾಯಿ ಕೆಮ್ಮುತ್ತಲೇ ಅಡುಗೆ ಮಾಡಿದಳು, ಕೆಮ್ಮುತ್ತಲೇ ಮುದುಕಿಯಾದಳು. ಅದು ಹೊಗೆಯಿಂದ ಎಂದು ಮನೆಯಲ್ಲಿ ಯಾರೂ ಅಂದುಕೊಳ್ಳಲಿಲ್ಲ. ಹೆಂಗಸರು ಕೆಮ್ಮುವುದು ಒಲೆ ಉರಿಯುವಷ್ಟೇ ಸಹಜವೆಂದು ಎಲ್ಲರೂ ಇದ್ದುಬಿಟ್ಟರು.

ನನಗೆ ಬಹಳ ಕಾಲ ಕಾಡಿದ ವಿಷಯ ಒಂದಿದೆ. ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾದದ್ದು 1902ರಲ್ಲಿ. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು, 1908ರಲ್ಲಿ ಮೈಸೂರಿಗೆ. ನಮ್ಮ ಸಂಸ್ಥಾನದ ಹೆಮ್ಮೆಯ ಮಾತು ಇದು, ನನಗೂ ಹೆಮ್ಮೆಯೇ. ಆದರೆ ಅದೇ ವಿದ್ಯುತ್ತು ನಮ್ಮಂಥ ಮನೆಗಳ ಒರಳಿನ ತನಕ ಬರುವುದಕ್ಕೆ ಅರುವತ್ತು ಎಪ್ಪತ್ತು ವರ್ಷ ಬೇಕಾಯಿತು. ಗಣಿ, ಕಾರ್ಖಾನೆ, ಬೀದಿ, ಪಂಪ್‌ಸೆಟ್ಟು ಎಲ್ಲವೂ ಆದ ಮೇಲೆ ಹೆಂಗಸಿನ ಕೈಗೆ ಕರೆಂಟು ಸಿಕ್ಕಿತು. ಕುಕ್ಕರುಗಳು ನಮ್ಮ ದೇಶದಲ್ಲಿ ಐವತ್ತರ ದಶಕದ ಕೊನೆಗೇ ತಯಾರಾಗುತ್ತಿದ್ದವು, ಅರುವತ್ತರ ದಶಕದಲ್ಲಿ ಸುಮೀತ್ ಮಿಕ್ಸಿ ಬಂತು. ನಮ್ಮ ಮನೆಗೆ ಅವು ಕಾಲಿಟ್ಟದ್ದು ನಾನು ಮದುವೆಯಾಗಿ ಮೈಸೂರಿಗೆ ಬಂದು, ಮಕ್ಕಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದೆವು. ಅಲ್ಲಿಯವರೆಗೆ ಸೀಮೆಎಣ್ಣೆಯ ಸ್ಟೌವು, ಅದಕ್ಕೆ ಸೊಸೈಟಿಯ ಮುಂದೆ ಡಬ್ಬ ಹಿಡಿದು ಸಾಲು. ಎಷ್ಟೋ ಬಡವರ ಮನೆಗಳಿಗಂತೂ ಸಿಲಿಂಡರು ಬಂದದ್ದು 2016ರ ಉಜ್ವಲ ಯೋಜನೆಯ ನಂತರ. ಇವತ್ತೂ ನಮ್ಮೂರಿಗೆ ಹೋದರೆ ಗ್ಯಾಸ್ ಒಲೆಯ ಪಕ್ಕದಲ್ಲೇ ಸೌದೆ ಒಲೆ ಇದೆ. ಸಿಲಿಂಡರು ತುಂಬಿಸುವ ದುಡ್ಡು ಎಲ್ಲ ತಿಂಗಳೂ ಕೈಯಲ್ಲಿರುವುದಿಲ್ಲ.

ಮಿಕ್ಸಿ ಬಂದ ದಿನ ಅತ್ತೆ ಅದರ ಸದ್ದಿಗೆ ಹೆದರಿ ಕಿವಿ ಮುಚ್ಚಿಕೊಂಡರು. ಒಂದು ನಿಮಿಷದಲ್ಲಿ ಕಾಯಿ ನುಣ್ಣಗಾದದ್ದನ್ನು ಬೆರಳಿಂದ ಮುಟ್ಟಿ ನೋಡಿ, "ಇದು ನನ್ನ ಕಾಲದಲ್ಲೇ ಬರಬಾರದಿತ್ತೇನೇ?" ಎಂದರು. ಅವರ ಧ್ವನಿಯಲ್ಲಿ ಸಂತೋಷ ಎಷ್ಟಿತ್ತೋ ಸಂಕಟವೂ ಅಷ್ಟೇ ಇತ್ತು. ಒರಳೇ ಚೆಂದ ಎಂದು ಯಾರಾದರೂ ಅಂದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ಹಾಗಾದರೆ ಒರಳು, ಒಲೆ, ಬಾವಿಯ ರಾಟೆಯಿಂದ ಬಿಡುಗಡೆಯಾದ ಹೊತ್ತೆಲ್ಲ ಎಲ್ಲಿ ಹೋಯಿತು? ನನ್ನ ಸೊಸೆಗೆ ರುಬ್ಬುವ ಕೆಲಸವಿಲ್ಲ, ನೀರು ಸೇದುವ ಕೆಲಸವಿಲ್ಲ, ಬಟ್ಟೆಯನ್ನು ಮೆಷಿನ್ನು ಒಗೆಯುತ್ತದೆ. ಆದರೂ ಅವಳು ಕೂತದ್ದನ್ನು ನಾನು ನೋಡುವುದು ಅಪರೂಪ. ನಮ್ಮ ಕಾಲದಲ್ಲಿ ಬೆಳಿಗ್ಗೆ ಒಂದು ತಿಂಡಿ, ಎಲ್ಲರಿಗೂ ಅದೇ. ಈಗ ಮಗುವಿನ ಡಬ್ಬಿಗೆ ಒಂದು, ಗಂಡನ ಡಬ್ಬಿಗೆ ಒಂದು, ಸಕ್ಕರೆ ಕಾಯಿಲೆಯ ಮಾವನಿಗೆ ಮತ್ತೊಂದು. ಅದಾದ ಮೇಲೆ ಆಫೀಸು, ಅಲ್ಲಿಂದ ಬಂದು ಮಗುವಿನ ಹೋಮ್‌ವರ್ಕು, ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಬರುವ ನೂರೆಂಟು ಸೂಚನೆ. ಯಂತ್ರ ಉಳಿಸಿಕೊಟ್ಟ ಹೊತ್ತನ್ನು ಮನೆ ಮತ್ತೆ ನುಂಗಿಕೊಂಡಿತು.

ಇದು ನಮ್ಮ ಮನೆಯ ಮಾತಷ್ಟೇ ಅಲ್ಲ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. 2024ರಲ್ಲಿ ಅದೇ ಸಮೀಕ್ಷೆ ಮತ್ತೆ ನಡೆದಾಗ ಹೆಂಗಸರದು 289 ನಿಮಿಷ, ಗಂಡಸರದು 88. ಐದು ವರ್ಷದಲ್ಲಿ ಹೆಂಗಸಿಗೆ ಹತ್ತು ನಿಮಿಷ ಇಳಿಯಿತು, ಗಂಡಸಿಗೂ ಒಂಬತ್ತು ನಿಮಿಷ ಇಳಿಯಿತು. ಇಬ್ಬರ ನಡುವಿನ ಅಂತರ ಹೆಚ್ಚುಕಡಿಮೆ ಹಾಗೇ ಉಳಿಯಿತು. ಯಂತ್ರಗಳು ಕೆಲಸವನ್ನು ಹಗುರ ಮಾಡಬಲ್ಲವು, ಯಾರು ಮಾಡಬೇಕು ಎಂಬುದನ್ನು ಬದಲಿಸಲಾರವು.

ಹಿಂದಿನ ಕಾಲದಿಂದ ನನಗೆ ಬೇಕೆನಿಸುವುದು ಒಂದೇ. ಆಗ ಕೆಲಸ ಎಷ್ಟೇ ಕಷ್ಟದ್ದಾದರೂ ಒಬ್ಬಳೇ ಮಾಡುತ್ತಿರಲಿಲ್ಲ. ಯುಗಾದಿ ಕಳೆದು ಬಿಸಿಲು ಏರಿದರೆ ಹಪ್ಪಳದ ಕಾಲ. ಉದ್ದಿನ ಹಿಟ್ಟಿಗೆ ಎಣ್ಣೆ ಸವರಿ ಸವರಿ ಕುಟ್ಟಿ ಹದ ಮಾಡಿದ ಮೇಲೆ ಬೀದಿಯ ಹೆಂಗಸರೆಲ್ಲ ಮಣೆ, ಲಟ್ಟಣಿಗೆ ತೆಗೆದುಕೊಂಡು ಒಂದೇ ಮನೆಯ ಜಗಲಿಯಲ್ಲಿ ಸೇರುತ್ತಿದ್ದರು. ಒಬ್ಬಳು ಉಂಡೆ ಹರಿದುಕೊಡುವಳು, ನಾಲ್ಕೈದು ಜನ ಒತ್ತುವರು, ಮಕ್ಕಳು ಅವನ್ನು ಎತ್ತಿಕೊಂಡು ಹೋಗಿ ಹಳೆಯ ಪಂಚೆಯ ಮೇಲೆ ಒಣಹಾಕುವರು. ದಾರಿಯಲ್ಲಿ ಒಂದೊಂದು ಹಸಿ ಉಂಡೆ ಬಾಯಿಗೆ ಹೋದರೆ ಯಾರೂ ಬೈಯುತ್ತಿರಲಿಲ್ಲ. ಇವತ್ತು ನಮ್ಮ ಮನೆಯದು, ನಾಳೆ ಎದುರುಮನೆಯದು.

ಆ ಜಗಲಿಯಲ್ಲಿ ಹಪ್ಪಳದ ಜೊತೆಗೆ ಎಷ್ಟೋ ಸಂಗತಿಗಳು ಇತ್ಯರ್ಥವಾಗುತ್ತಿದ್ದವು. ಯಾರ ಮಗಳು ಗಂಡನ ಮನೆಯಲ್ಲಿ ನರಳುತ್ತಿದ್ದಾಳೆ, ಯಾರ ಮನೆಯಲ್ಲಿ ತಿಂಗಳ ಕೊನೆಗೆ ಅಕ್ಕಿಯಿಲ್ಲ, ಯಾರಿಗೆ ಬಾಣಂತನಕ್ಕೆ ದಿಕ್ಕಿಲ್ಲ ಎಂಬುದೆಲ್ಲ ಅಲ್ಲೇ ತಿಳಿಯುತ್ತಿತ್ತು. ಚೀಟಿ ದುಡ್ಡು ಅಲ್ಲೇ ಕೈ ಬದಲಾಗುತ್ತಿತ್ತು. 'ಸುಧಾ' ವಾರಪತ್ರಿಕೆ ಶುರುವಾದದ್ದು 1965ರಲ್ಲಿ. ನಮ್ಮ ಬೀದಿಗೆ ಒಂದೇ ಪ್ರತಿ ಬರುತ್ತಿತ್ತು. ಓದು ಬಲ್ಲವಳು ಧಾರಾವಾಹಿಯನ್ನು ಗಟ್ಟಿಯಾಗಿ ಓದುವಳು, ಉಳಿದವರು ಒತ್ತುತ್ತ ಕೇಳುವರು. ತ್ರಿವೇಣಿಯವರ ಕಾದಂಬರಿಗಳು ಕೈಯಿಂದ ಕೈಗೆ ಓಡಾಡಿ ರಟ್ಟು ಕಳಚಿಕೊಂಡಿದ್ದವು. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೆ ದೆವ್ವ ಬಿಡಿಸುವುದು ಮದ್ದಲ್ಲ ಎಂದು ಎಷ್ಟೋ ಹೆಂಗಸರು ಮೊದಲು ತಿಳಿದದ್ದು ಆ ಕಾದಂಬರಿಗಳಿಂದ.

ಈಗ ಅಪಾರ್ಟ್‌ಮೆಂಟಿನ ಬಾಗಿಲು ಹಾಕಿಕೊಂಡರೆ ಪಕ್ಕದ ಮನೆಯ ಅಳು ಕೇಳುವುದಿಲ್ಲ. ಕೆಲಸ ಸುಲಭವಾಯಿತು, ಕೆಲಸದೊಳಗಿದ್ದ ಜೊತೆ ಹೋಯಿತು. ಹಾಗೆಂದು ನಾನು ಒರಳಿಗೆ ಹಿಂತಿರುಗಿ ಎನ್ನುವವಳಲ್ಲ. ಒರಳಿಲ್ಲದೆಯೂ ಜೊತೆ ಸಾಧ್ಯ ಎಂದು ನಾನು ಕಣ್ಣಾರೆ ಕಂಡಿದ್ದೇನೆ. 2000ದ ಹೊತ್ತಿಗೆ ಕರ್ನಾಟಕದಲ್ಲಿ ಸ್ತ್ರೀಶಕ್ತಿ ಸಂಘಗಳು ಹುಟ್ಟಿಕೊಂಡವು. ನಮ್ಮೂರಿನ ಹೆಂಗಸರು ವಾರಕ್ಕೊಮ್ಮೆ ಕೂತು ಉಳಿತಾಯದ ಪುಸ್ತಕ ಬರೆಯುವುದನ್ನು ನೋಡಿದಾಗ ಹಪ್ಪಳದ ಜಗಲಿಯೇ ಕಂಡಿತು. ಅಲ್ಲಿ ಬಾಯಿಮಾತಿನಲ್ಲಿದ್ದ ಲೆಕ್ಕ ಇಲ್ಲಿ ಬ್ಯಾಂಕಿನ ಪಾಸ್‌ಪುಸ್ತಕಕ್ಕೆ ಏರಿತ್ತು.

2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ ಕೊಡುವ ಶಕ್ತಿ ಯೋಜನೆ ಬಂತಲ್ಲ, ಅದರ ಬಗ್ಗೆ ಯಾರು ಏನೇ ಅನ್ನಲಿ, ನನ್ನ ಮಟ್ಟಿಗೆ ಅದು ದೊಡ್ಡ ಸಂಗತಿ. ನನ್ನ ತಾಯಿ ತವರಿಗೆ ಹೋಗಬೇಕಾದರೆ ಅಪ್ಪನ ಒಪ್ಪಿಗೆ ಬೇಕು, ಬಸ್ಸಿನ ದುಡ್ಡು ಬೇಕು, ಕರೆದುಕೊಂಡು ಹೋಗಲು ಗಂಡಸು ಬೇಕು. ಮೂರೂ ಕೂಡಿ ಬರುವಷ್ಟರಲ್ಲಿ ವರ್ಷ ಉರುಳುತ್ತಿತ್ತು. ಈಗ ನಾನೂ ನನ್ನ ಓರಗಿತ್ತಿಯೂ ಆಧಾರ್ ಕಾರ್ಡು ಹಿಡಿದು ನಂಜನಗೂಡಿಗೋ ಶ್ರೀರಂಗಪಟ್ಟಣಕ್ಕೋ ಹೊರಡುತ್ತೇವೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸು ನಂಜನಗೂಡು ಬರುವಷ್ಟರಲ್ಲಿ ತನ್ನ ಸುಖದುಃಖವನ್ನೆಲ್ಲ ಹೇಳಿ ಮುಗಿಸಿರುತ್ತಾಳೆ. ಹೆಂಗಸರು ಸುಮ್ಮನೆ ತಿರುಗುತ್ತಾರೆ ಎಂದು ದೂರುವವರಿಗೆ ನನ್ನದು ಒಂದೇ ಉತ್ತರ: ಸುಮ್ಮನೆ ತಿರುಗುವ ಹಕ್ಕು ಗಂಡಸರಿಗೆ ಹುಟ್ಟಿನಿಂದಲೇ ಇತ್ತು.

ಮಕ್ಕಳಿಗೆ, ಮೊಮ್ಮಕ್ಕಳಿಗೆ ನಾನು ಹೇಳಬೇಕಾದದ್ದು ಇಷ್ಟೇ. ಹಳೆಯ ಕಾಲವನ್ನು ಹೊಗಳುವ ಮುಂಚೆ ಅದನ್ನು ಹೊತ್ತವರನ್ನು ಕೇಳಿ. ಗಂಡುಮಕ್ಕಳು ಉಂಡ ತಟ್ಟೆ ತೊಳೆದಿಡುವುದರಿಂದ ಶುರುಮಾಡಿ ಬೆಳಗಿನ ಡಬ್ಬಿ ಕಟ್ಟುವುದರ ತನಕ ಕಲಿಯಲಿ, ಅದು ಅವರ ಮನೆಯೂ ಹೌದು. ಹೆಣ್ಣುಮಕ್ಕಳು ದಿನದಲ್ಲಿ ಒಂದು ಗಂಟೆಯನ್ನು ತಮಗಾಗಿ ತೆಗೆದಿಡಲಿ. ಓದಲಿ, ನಡೆಯಲಿ, ಗೆಳತಿಯ ಮನೆಗೆ ಹೋಗಿ ಕೂರಲಿ, ಏನೂ ಮಾಡದೆ ಇರಲಿ. ಏನು ಮಾಡಿದೆ ಎಂದು ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ. ನನ್ನ ಅತ್ತೆಗೆ ಅಂಥ ಒಂದು ಗಂಟೆ ಇಡೀ ಜನ್ಮದಲ್ಲಿ ಸಿಗಲಿಲ್ಲ, ನನಗೆ ಅರುವತ್ತು ದಾಟಿದ ಮೇಲೆ ಸಿಕ್ಕಿತು. ಸೊಸೆ ಅಷ್ಟು ಕಾಯಬಾರದು. ಅದಕ್ಕೇ ಈಗ ಸಂಜೆ ಮಗುವಿನ ಹೋಮ್‌ವರ್ಕನ್ನು ಮಗ ನೋಡಿಕೊಳ್ಳಬೇಕು ಎಂದು ನಾನೇ ಕಟ್ಟುಮಾಡಿದ್ದೇನೆ.