ನಾಲ್ಕೆಂಬ ಅಂಕಿಯ ಭಯ

ನಮ್ಮ ತಂದೆಯವರಿಗೆ ಆಗ ಎಪ್ಪತ್ತೊಂದು ವರ್ಷ. ತಿರುಮಕೂಡಲು ನರಸೀಪುರದ ಸಮೀಪದ ಹಳ್ಳಿಯೊಂದರಲ್ಲಿ ಬತ್ತ, ಕಬ್ಬು ಬೆಳೆದು ನಮ್ಮನ್ನು, ಅಂದರೆ ಇಬ್ಬರು ಗಂಡುಮಕ್ಕಳನ್ನೂ ನಂಜನಗೂಡಿಗೆ ಕೊಟ್ಟ ಒಬ್ಬ ಮಗಳನ್ನೂ, ದಡ ಸೇರಿಸಿದವರು. ರಾತ್ರಿಯಲ್ಲಿ ನಾಲ್ಕೈದು ಬಾರಿ ಅವರು ಮೂತ್ರಕ್ಕೆ ಏಳುತ್ತಿದ್ದುದು ತಾಯಿಯವರಿಗೆ ಮಾತ್ರ ಗೊತ್ತಿತ್ತು. ಕೇಳಿದರೆ “ವಯಸ್ಸಾಯ್ತಲ್ಲ” ಎಂಬುದೇ ಉತ್ತರ. ಇಂಥ ವಿಷಯವನ್ನು ಮಕ್ಕಳ, ಸೊಸೆಯರ ಎದುರು ಆಡುವುದು ಅವರ ಸ್ವಭಾವವಲ್ಲ.

2023ರ ಕಾರ್ತಿಕ ಮಾಸದಲ್ಲಿ ಮಗಳ ಮನೆಗೆ ಬಂದಾಗ ಅಳಿಯಂದಿರು ಹೇಗೋ ಒಪ್ಪಿಸಿ ವೈದ್ಯರ ಬಳಿಗೆ ಕರೆದೊಯ್ದರು. ರಕ್ತದಲ್ಲಿ ಪಿ.ಎಸ್.ಎ. ಎಂಬ ಅಂಶ 9ನ್ನು ಮೀರಿತ್ತು. ಪ್ರಾಸ್ಟೇಟ್ ಗ್ರಂಥಿ ವಯೋಸಹಜವಾಗಿ ದೊಡ್ಡದಾದರೂ, ಅದಕ್ಕೆ ಸೋಂಕು ತಗುಲಿದರೂ ಈ ಅಂಶ ಏರುವುದುಂಟು. ಕ್ಯಾನ್ಸರ್ ಇದ್ದರೂ ಏರುವುದುಂಟು. ಆದುದರಿಂದ ಮೈಸೂರಿನಲ್ಲಿ ಎಂ.ಆರ್.ಐ. ಮಾಡಿಸಬೇಕೆಂದರು.

ವರದಿ ಸಂಜೆಗೆ ಕೈಸೇರಿತು. ವೈದ್ಯರ ಭೇಟಿಗೆ ಇನ್ನೂ ಮೂರು ದಿನವಿತ್ತು. ತಾಳಲಾರದೆ ಲಕೋಟೆ ತೆರೆದು ಓದಿದೆವು. ಅರ್ಥವಾಗದ ಸಾಲುಗಳ ಕೊನೆಯಲ್ಲಿ ‘ಪೈ-ರ್ಯಾಡ್ಸ್ 4’ ಎಂದಿದ್ದಿತು. ನಾಲ್ಕು ಎಂದರೆ ಕ್ಯಾನ್ಸರಿನ ನಾಲ್ಕನೆಯ ಹಂತ, ಎಲ್ಲವೂ ಮುಗಿಯಿತು ಎಂದು ನಾವೇ ತೀರ್ಮಾನಿಸಿಬಿಟ್ಟೆವು. ತಂದೆಯವರಿಗೆ ತಿಳಿಯದಂತೆ ಬಚ್ಚಲುಮನೆಯಲ್ಲಿ ಅತ್ತವರುಂಟು. ನಮ್ಮಲ್ಲೊಬ್ಬರು ಗದ್ದೆ ಅಡವಿಡುವ ಮಾತೆತ್ತಿದರೆ, ಇನ್ನೊಬ್ಬರು “ಸೂಜಿ ಚುಚ್ಚಿದರೆ ಹರಡುತ್ತದಂತೆ. ಇರುವಷ್ಟು ದಿನ ನೆಮ್ಮದಿಯಾಗಿರಲಿ, ಇಲ್ಲಿಗೇ ಬಿಟ್ಟುಬಿಡೋಣ” ಎಂದರು. ಆ ಮಾತಿಗೆ ಉಳಿದವರೂ ಹೆಚ್ಚುಕಡಿಮೆ ತಲೆದೂಗಿದ್ದೆವು. ಇಂದು ನೆನೆದರೆ ಮೈ ನಡುಗುತ್ತದೆ.

ಮೂರನೆಯ ದಿನ ವೈದ್ಯರು ನಮ್ಮ ಮುಖ ನೋಡಿಯೇ ಊಹಿಸಿದರು. “ಇದು ರೋಗದ ಹಂತವಲ್ಲ, ಅನುಮಾನದ ಅಳತೆ” ಎಂದರು. ಮೊದಲೆಲ್ಲ ಒಂದೇ ಚಿತ್ರವನ್ನು ಒಬ್ಬೊಬ್ಬ ತಜ್ಞರು ಒಂದೊಂದು ಬಗೆಯಲ್ಲಿ ಬರೆಯುತ್ತಿದ್ದರಂತೆ. ಎಲ್ಲರಿಗೂ ಒಂದೇ ಅಳತೆಗೋಲು ಇರಲೆಂದು ಯುರೋಪಿನ ತಜ್ಞರು 2012ರಲ್ಲಿ ಈ ಪದ್ಧತಿಯನ್ನು ಪ್ರಕಟಿಸಿದರು. ಅಮೆರಿಕದವರೂ ಕೂಡಿ 2015ರಲ್ಲಿಯೂ 2019ರಲ್ಲಿಯೂ ತಿದ್ದಿದರು. 1 ಎಂದರೆ ಚಿಕಿತ್ಸೆ ಬೇಕಾಗುವಂಥ ಕ್ಯಾನ್ಸರ್ ಇರುವ ಸಂಭವ ತೀರ ಕಡಿಮೆ, 2 ಎಂದರೆ ಕಡಿಮೆ, 3 ಎಂದರೆ ಹೀಗೂ ಇರಬಹುದು ಹಾಗೂ ಇರಬಹುದು, 4 ಎಂದರೆ ಹೆಚ್ಚು, 5 ಎಂದರೆ ತೀರ ಹೆಚ್ಚು. ಅನುಮಾನದ ಮಚ್ಚೆ ಒಂದೂವರೆ ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದು ಗ್ರಂಥಿಯ ಹೊರಗೆ ಚಾಚಿರದಿದ್ದರೆ 4; ಅಷ್ಟು ಅಥವಾ ಅದಕ್ಕಿಂತ ದೊಡ್ಡದಿದ್ದರೆ, ಇಲ್ಲವೆ ಹೊರಗೆ ಚಾಚಿದ್ದರೆ 5. ಆದರೆ 5 ಬಂದ ಮಾತ್ರಕ್ಕೆ ಕ್ಯಾನ್ಸರ್ ಎಂದು ಹೇಳುವಂತಿಲ್ಲ. 1 ಬಂದಿತೆಂದು ಪೂರ್ಣ ನಿಶ್ಚಿಂತೆಯೂ ಇಲ್ಲ. ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸಿದ ಮೇಲೆಯೇ ನಿರ್ಣಯ. ಸೂಜಿಯಿಂದ ರೋಗ ಹರಡುವುದೆಂಬ ಅಂಜಿಕೆಯಿಂದ ಪರೀಕ್ಷೆ ಬಿಡುವುದು ಸರಿಯಲ್ಲವೆಂದೂ, ಚಿತ್ರದಲ್ಲಿ ಜಾಗ ಗುರುತಾಗಿರುವುದರಿಂದ ಅಲ್ಲಿಗೇ ಗುರಿಯಿಟ್ಟು ತುಣುಕು ತೆಗೆಯಬಹುದೆಂದೂ ವಿವರಿಸಿದರು.

ಅಷ್ಟು ಹೊತ್ತು ಸುಮ್ಮನಿದ್ದ ತಂದೆಯವರು ನಮ್ಮತ್ತ ತಿರುಗಿ “ನನ್ನ ಮೈಯ ಲೆಕ್ಕವನ್ನ ನನಗೇ ಹೇಳದೆ ಮೂರು ದಿನ ನೀವೇ ಕೂಡಿ ಕಳೆದಿರಾ?” ಎಂದರು. ಉತ್ತರ ಹೇಳಲು ನಮಗೆ ಬಾಯಿರಲಿಲ್ಲ. ಅನಂತರ ವೈದ್ಯರಿಗೆ “ತಿಳೀತು ಸ್ವಾಮಿ. ಗುಲಗಂಜಿ ಇಟ್ಟು ತೂಗಿದ್ದೀರಿ. ಇನ್ನು ಒರೆಗಲ್ಲಿಗೆ ಹಚ್ಚಿ ನೋಡಬೇಕು, ಅಷ್ಟೇ ತಾನೇ?” ಎಂದರು.

ನರಸೀಪುರದ ಕಡೆಯವರಿಗೆ ಗುಲಗಂಜಿಯ ಮಾತು ಹೊಸದಲ್ಲ. ಅಲ್ಲಿನ ಗುಂಜಾ ನರಸಿಂಹನ ಕೈಯಲ್ಲಿ ಗುಲಗಂಜಿಯಿರುವುದರಿಂದ ಆ ಕ್ಷೇತ್ರ ಕಾಶಿಗಿಂತ ಗುಲಗಂಜಿ ತೂಕ ಹೆಚ್ಚು ಎಂದು ಜನ ಹೇಳುತ್ತಾರೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದುದೂ ಅದರಿಂದಲೇ. ತೂಕ ಬೇರೆ, ಒರೆ ಬೇರೆ. ಓದಿದ ನಮಗೆ ಹೊಳೆಯದ ಭೇದ ಅವರಿಗೆ ಕ್ಷಣದಲ್ಲಿ ಹೊಳೆದಿತ್ತು.

ಪರೀಕ್ಷೆಯಲ್ಲಿ ಕ್ಯಾನ್ಸರ್ ಇರುವುದು ದೃಢಪಟ್ಟಿತು. ಆದರೆ ಗ್ರಂಥಿಯನ್ನು ದಾಟಿರಲಿಲ್ಲ. ವಿಕಿರಣ ಚಿಕಿತ್ಸೆ ನಡೆಯಿತು. ಗದ್ದೆ ಅಡವಿಡುವ ಪ್ರಸಂಗ ಬರಲಿಲ್ಲ. ಈಗ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಹೋಗಿಬರುತ್ತಾರೆ. ದಿನಾಂಕವನ್ನು ನಾವು ಮರೆತರೂ ಅವರು ಮರೆಯುವುದಿಲ್ಲ. ರಾತ್ರಿ ಏಳುವ ತೊಂದರೆ ಬಹುಪಾಲು ಗ್ರಂಥಿಯ ಊತದಿಂದ ಬಂದುದೆಂದು ವೈದ್ಯರು ಹೇಳಿದರು. ಈ ಕ್ಯಾನ್ಸರ್ ಮೊದಲಲ್ಲಿ ಯಾವ ಸೂಚನೆಯನ್ನೂ ಕೊಡದೆ ಇರುವುದೇ ಹೆಚ್ಚಂತೆ. ಊತದ ನೆಪದಿಂದ ಅದು ಬಯಲಾದುದು ನಮ್ಮ ಭಾಗ್ಯ.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮನೆಯ ಹಿರಿಯರು ರಾತ್ರಿ ಪದೇ ಪದೇ ಏಳುತ್ತಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ. ವರದಿಯ ಅಂಕಿಯನ್ನು ತಜ್ಞರ ಬಾಯಿಂದಲೇ ಕೇಳಿ. ಅದನ್ನು ಕೇಳುವಾಗ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾವು ಮೂರು ದಿನ ಅವರಿಂದ ಬಚ್ಚಿಟ್ಟದ್ದು ಅವರ ರೋಗವನ್ನಲ್ಲ, ನಮ್ಮ ಅಜ್ಞಾನವನ್ನು.